ಒಂದೇ ಹಾಳೆಯ ನಾಲ್ಕು ಕಾಲಿನ ಪ್ರಾಣಿ: ಸಂಕೀರ್ಣ ಒರಿಗಾಮಿಯನ್ನು ಅರ್ಧಕ್ಕೆ ಕೆಡಿಸದೆ ಮುಗಿಸುವ ಕ್ರಮ

ಕಾಗದ ಮಡಿಸುವ ಕಲೆಯಾದ ಒರಿಗಾಮಿಯಲ್ಲಿ ಕೊಕ್ಕರೆ, ಕಪ್ಪೆ, ಮೀನು ಸಲೀಸಾಗಿ ಬರುತ್ತವೆ. ಆಮೇಲೆ ನೂರು ಹಂತಗಳ ಕುದುರೆಯನ್ನೋ ಹುಲಿಯನ್ನೋ ಕೈಗೆತ್ತಿಕೊಂಡವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಅರ್ಧ ದಾರಿ ದಾಟಿದ ಮೇಲೆ ಪದರಗಳು ದಪ್ಪಗಾಗಿ ಸಿಂಕ್ (ತುದಿಯನ್ನು ಒಳಕ್ಕೆ ಅದುಮುವ ಮಡಿಕೆ) ಒಳಗೆ ಹೋಗುವುದಿಲ್ಲ, ಎರಡು ಕಿವಿ ಒಂದೇ ಉದ್ದಕ್ಕೆ ಬರುವುದಿಲ್ಲ, ಜೋರಾಗಿ ಒತ್ತಿದರೆ ಮೂಲೆ ಹರಿಯುತ್ತದೆ. ಆ ಹಂತವೇ ಕಷ್ಟದ್ದು ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಮಾಡಿದರೆ ಕಾಗದ ಸವೆಯುತ್ತದೆಯೇ ಹೊರತು ಪ್ರಾಣಿ ಏಳುವುದಿಲ್ಲ. ತಪ್ಪು ನಡೆದಿರುವುದು ಮೊದಲ ಹತ್ತು ಹದಿನೈದು ಹಂತಗಳಲ್ಲಿ, ಕೆಲವೊಮ್ಮೆ ಹಾಳೆ ಕತ್ತರಿಸುವಾಗಲೇ. ಹಾಗಾಗಿ ಇಲ್ಲಿ ಅರ್ಧಕ್ಕಿಂತ ಹೆಚ್ಚು ಮಾತು, ಪ್ರಾಣಿಯ ಆಕಾರ ಕಾಣಿಸಿಕೊಳ್ಳುವುದಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಈ ಕ್ರಮ ಯಾವುದೋ ಒಂದು ಮಾದರಿಗೆ ಸೀಮಿತವಲ್ಲ. ಕತ್ತರಿ ಹಾಕದೆ ಒಂದೇ ಚೌಕದಿಂದ ಮಡಿಸುವ ನಾಲ್ಕು ಕಾಲಿನ ಯಾವ ಪ್ರಾಣಿಗೂ ಸಲ್ಲುತ್ತದೆ.

## 1. ಮಾದರಿಯನ್ನು ಮೊದಲು ಓದಿ ಅಳೆಯಿರಿ

ಹಂತಗಳ ಸಂಖ್ಯೆಯಿಂದ ಕಷ್ಟ ಸುಲಭ ತಿಳಿಯುವುದಿಲ್ಲ. 120 ಹಂತಗಳ ಮಾದರಿಯೊಂದರಲ್ಲಿ ಬರೀ ತುದಿಯ ದಿಕ್ಕು ತಿರುಗಿಸುವ ರಿವರ್ಸ್ ಫೋಲ್ಡ್‌ಗಳೇ ಇರಬಹುದು. 40 ಹಂತಗಳ ಇನ್ನೊಂದರಲ್ಲಿ ಎರಡು ಕ್ಲೋಸ್ಡ್ ಸಿಂಕ್ (ಪದರಗಳನ್ನು ಪೂರ್ತಿ ಬಿಚ್ಚದೆ ಒಳಕ್ಕೆ ಅದುಮುವುದು) ಇದ್ದರೆ ಅದೇ ಹೆಚ್ಚು ಕಾಡುತ್ತದೆ. ಮೊದಲ ಪುಟದಿಂದ ಕೊನೆಯವರೆಗೆ ಚಿತ್ರಗಳನ್ನು ನೋಡಿ, ಎಲ್ಲೆಲ್ಲಿ ಸಿಂಕ್ ಇದೆ, ಎಲ್ಲಿ ಹಲವು ಮಡಿಕೆಗಳು ಒಟ್ಟಿಗೇ ಕೂರಬೇಕು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಪೆಟಲ್ ಫೋಲ್ಡ್ (ಪದರವನ್ನು ಎತ್ತಿ ಎಸಳಿನಂತೆ ಸಪೂರ ಮಾಡುವುದು), ಸ್ಕ್ವಾಶ್ ಫೋಲ್ಡ್ (ಪದರವನ್ನು ತೆರೆದು ಚಪ್ಪಟೆಯಾಗಿ ಒತ್ತುವುದು), ಒಳಗಿನ ಮತ್ತು ಹೊರಗಿನ ರಿವರ್ಸ್ ಫೋಲ್ಡ್ ಈ ನಾಲ್ಕನ್ನೂ ಪುಸ್ತಕ ನೋಡದೆ ಮಾಡಬಲ್ಲಿರಾದರೆ ಮುಂದೆ ಹೋಗಬಹುದು. ಒರಿಗಾಮಿ ವಿನ್ಯಾಸಕಾರ ಜಾನ್ ಮಾಂಟ್ರೋಲ್ ಅವರ ಪ್ರಾಣಿಗಳು ಈ ಮಟ್ಟಕ್ಕೆ ಒಳ್ಳೆಯ ಅಭ್ಯಾಸ. ಜಪಾನಿನ ಸತೋಷಿ ಕಾಮಿಯಾ ಅವರ ರ್ಯೂಜಿನ್ 3.5 ಡ್ರ್ಯಾಗನ್ ನೋಡಿ ಮನಸ್ಸು ಸೋತವರು ಬಹಳ ಜನ. ಆದರೆ ಅದರ ಮೈತುಂಬ ಒಂದೊಂದಾಗಿ ಮಡಿಸಬೇಕಾದ ಹುರುಪೆಗಳಿವೆ, ಹಾಳೆ ಒಂದು ಮೀಟರ್ ಅಥವಾ ಅದಕ್ಕೂ ದೊಡ್ಡದು ಬೇಕು. ಮೊದಲ ಮಾದರಿಯಾಗಿ ಅದು ಬೇಡವೇ ಬೇಡ.

ಇನ್ನೊಂದು ವಿಷಯವನ್ನು ಈಗಲೇ ನೋಡಿಕೊಳ್ಳಿ: ಯಾವ ಅಂಗ ಹಾಳೆಯ ಯಾವ ಭಾಗದಿಂದ ಬರುತ್ತದೆ? ಚಾಚಿಕೊಂಡಿರುವ ಪ್ರತಿ ಅಂಗಕ್ಕೂ ಅದರ ಉದ್ದವನ್ನೇ ತ್ರಿಜ್ಯವಾಗಿಟ್ಟ ವೃತ್ತದಷ್ಟು ಕಾಗದ ಖರ್ಚಾಗುತ್ತದೆ. ಚೌಕದ ಮೂಲೆಯಿಂದ ತೆಗೆದರೆ ಆ ವೃತ್ತದ ನಾಲ್ಕನೇ ಒಂದು ಭಾಗ ಸಾಕು, ಅಂಚಿನಿಂದ ತೆಗೆದರೆ ಅರ್ಧ ಬೇಕು, ಹಾಳೆಯ ಒಳಭಾಗದಿಂದ ತೆಗೆದರೆ ಇಡೀ ವೃತ್ತವೇ ಹೋಗುತ್ತದೆ. ಅಮೆರಿಕದ ರಾಬರ್ಟ್ ಲ್ಯಾಂಗ್ ಒರಿಗಾಮಿ ವಿನ್ಯಾಸದ ತಮ್ಮ ಟ್ರೀಮೇಕರ್ ತಂತ್ರಾಂಶವನ್ನು ಕಟ್ಟಿದ್ದು ಈ ಲೆಕ್ಕದ ಮೇಲೆಯೇ. ನಮಗೆ ಇದರಿಂದ ಆಗುವ ಉಪಯೋಗ ಇಷ್ಟು: ನಾಲ್ಕು ಕಾಲು, ತಲೆ, ಬಾಲ ಸೇರಿ ಆರು ಅಂಗ ಬೇಕು, ಚೌಕಕ್ಕೆ ಇರುವುದು ನಾಲ್ಕೇ ಮೂಲೆ. ಕನಿಷ್ಠ ಎರಡು ಅಂಗ ಅಂಚಿನಿಂದಲೋ ಒಳಗಿನಿಂದಲೋ ಬರಲೇಬೇಕು. ಪದರ ಹೆಚ್ಚಾಗುವುದು, ಹರಿಯುವುದು ಅಲ್ಲೇ. ನಿಮ್ಮ ಮಾದರಿಯಲ್ಲಿ ಆ ಅಂಗಗಳು ಯಾವುವು ಎಂದು ಗೊತ್ತಿದ್ದರೆ ಅಲ್ಲಿ ಕೈ ತಾನಾಗಿ ಹಗುರವಾಗುತ್ತದೆ.

## 2. ಹಾಳೆ ಮತ್ತು ಸಲಕರಣೆ

ಜೆರಾಕ್ಸ್ ಹಾಳೆಯಲ್ಲಿ ಹುಲಿ ಮಡಿಸಲು ಹೊರಟವರೇ ಹೆಚ್ಚು ಸೋಲುವುದು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಸಂಕೀರ್ಣ ಮಾದರಿಯ ಕಾಲಿನಲ್ಲಿ 32 ಪದರ ಸೇರುವುದು ದೊಡ್ಡ ಮಾತಲ್ಲ. ಅಂದರೆ ಹಾಳೆ ಒಂದರ ಮೇಲೊಂದು ಕೂತೇ 3 ಮಿಲಿಮೀಟರ್ ದಾಟಿತು. ಅಷ್ಟು ದಪ್ಪವನ್ನು ಮತ್ತೆ ಮಡಚುವುದು ಕೈಬಲದ ಪ್ರಶ್ನೆಯೇ ಅಲ್ಲ.

ಮೊದಲ ಪ್ರಯತ್ನಕ್ಕೆ ಶಾಲಾ ಪುಸ್ತಕಗಳಿಗೆ ಹಾಕುವ ಬ್ರೌನ್ ಪೇಪರ್ ರೋಲ್ ಒಳ್ಳೆಯದು. ಪ್ಲಾಸ್ಟಿಕ್ ಲೇಪ ಇಲ್ಲದ, ತೆಳ್ಳಗಿನದನ್ನು ಕೇಳಿ ತನ್ನಿ. ಅದರ ನಾರು ಗಟ್ಟಿ, ಹತ್ತು ಸಲ ಹಿಂದೆ ಮುಂದೆ ಮಡಚಿದರೂ ಗೆರೆಯಲ್ಲಿ ಬಿರಿಯುವುದಿಲ್ಲ. ಗಾತ್ರ 40 ಸೆಂಟಿಮೀಟರ್‌ಗೆ ಕಡಿಮೆ ಬೇಡ. ಹಾಳೆಯನ್ನು 32 ಭಾಗ ಮಾಡಬೇಕಾದ ಮಾದರಿಯಲ್ಲಿ 40 ಸೆಂಟಿಮೀಟರ್ ಚೌಕ ಕೊಡುವುದು 12.5 ಮಿಲಿಮೀಟರ್‌ನ ಮನೆಗಳನ್ನು. ಎ4 ಹಾಳೆಯಿಂದ ತೆಗೆದ 21 ಸೆಂಟಿಮೀಟರ್ ಚೌಕದಲ್ಲಿ ಅದೇ ಮನೆ ಸುಮಾರು 6.5 ಮಿಲಿಮೀಟರ್ ಆಗಿ ಬೆರಳ ತುದಿಗೆ ಸಿಗುವುದೇ ಇಲ್ಲ.

ಮಾದರಿ ಕೈಗೆ ಹತ್ತಿದ ಮೇಲೆ ತೆಳು ಟಿಶ್ಯೂ ಹಾಳೆಗಳೆರಡನ್ನು ನೀರಿನಲ್ಲಿ ಕರಗುವ ಅಂಟಾದ ಮೀಥೈಲ್ ಸೆಲ್ಯುಲೋಸ್‌ನಲ್ಲಿ ಜೋಡಿಸಿ ನೀವೇ ಹಾಳೆ ಮಾಡಿಕೊಳ್ಳಬಹುದು. ಟಿಶ್ಯೂ ಅಂದರೆ ಕೈ ಒರೆಸುವುದಲ್ಲ, ಉಡುಗೊರೆ ಸುತ್ತುವ ತೆಳುಹಾಳೆ. ಮೀಥೈಲ್ ಸೆಲ್ಯುಲೋಸ್ ಪುಡಿ ಕರಗುವುದು ತಣ್ಣೀರಿನಲ್ಲಿ, ಬಿಸಿನೀರಿನಲ್ಲಿ ಅಲ್ಲ. ಸ್ವಲ್ಪಸ್ವಲ್ಪವಾಗಿ ಉದುರಿಸಿ ಕಲಕಿ ರಾತ್ರಿಯಿಡೀ ಬಿಟ್ಟರೆ ಗಂಜಿ ತಿಳಿಯ ಹದಕ್ಕೆ ಬರುತ್ತದೆ. ಗಾಜಿನ ಮೇಲೆ ಒಂದು ಹಾಳೆ ಹಾಸಿ ಬ್ರಶ್‌ನಿಂದ ಹಚ್ಚಿ, ಮೇಲೆ ಇನ್ನೊಂದನ್ನು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ಹೊರಡಿಸಿ. ಪೂರ್ತಿ ಒಣಗಿದ ಮೇಲೆಯೇ ಬಿಡಿಸಿ, ಆಮೇಲೆಯೇ ಚೌಕ ಕತ್ತರಿಸಿ.

ಸಲಕರಣೆ ಹೆಚ್ಚೇನಿಲ್ಲ: ಸ್ಟೀಲ್ ಸ್ಕೇಲು, ಹೊಸ ಬ್ಲೇಡಿನ ಕಟರ್, ಕೆಳಗೆ ಹಾಸಲು ದಪ್ಪ ರಟ್ಟು, ಗೆರೆ ಒತ್ತಲು ಚಮಚದ ಬೆನ್ನು, ಉದ್ದ ಮೂತಿಯ ಚಿಮುಟ, ಇಂಕು ಮುಗಿದ ಬಾಲ್‌ಪೆನ್, ಸಣ್ಣ ಕ್ಲಿಪ್ಪುಗಳು. ಕೈ ತೊಳೆದು ಒರೆಸಿಕೊಂಡೇ ಕೂರಿ. ಬೆವರು, ಎಣ್ಣೆ ಹತ್ತಿದ ಜಾಗ ಮುಂದೆ ನೀರನ್ನೂ ಹೀರುವುದಿಲ್ಲ, ಅಂಟನ್ನೂ ಹಿಡಿಯುವುದಿಲ್ಲ.

ಕರಾವಳಿ, ಮಲೆನಾಡಿನಲ್ಲಿ ಇರುವವರು ಮಳೆಗಾಲದಲ್ಲಿ ಒಂದು ಎಚ್ಚರ ವಹಿಸಬೇಕು. ಕಾಗದ ತೇವ ಹೀರಿ ಹಿಗ್ಗುತ್ತದೆ. ಇಂದು ಅರ್ಧ ಗೆರೆ ಹಾಕಿ ನಾಲ್ಕು ದಿನ ಬಿಟ್ಟು ಉಳಿದರ್ಧ ಹಾಕಿದರೆ ಎರಡೂ ಕೂಡುವುದಿಲ್ಲ. ಗುರುತು ಮಡಿಕೆಗಳನ್ನೆಲ್ಲ ಒಂದೇ ದಿನ ಮುಗಿಸಿ, ಹಾಳೆಯನ್ನು ದಪ್ಪ ಪುಸ್ತಕದೊಳಗೆ ಇಡಿ.

## 3. ಚೌಕ ನಿಜವಾಗಿ ಚೌಕವೇ?

ರೋಲ್‌ನಿಂದ ತೆಗೆದ ಹಾಳೆಯನ್ನು ಒಂದು ರಾತ್ರಿ ಪುಸ್ತಕಗಳ ಕೆಳಗೆ ಇಟ್ಟು ಸುರುಳಿ ಬಿಡಿಸಿ. ಕತ್ತರಿಸಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. 40 ಸೆಂಟಿಮೀಟರ್ ಚೌಕದಲ್ಲಿ ಎರಡೂ 56.6 ಸೆಂಟಿಮೀಟರ್ ಬರಬೇಕು. ನಾಲ್ಕು ಬದಿ ಸಮ ಇದ್ದೂ ಕರ್ಣಗಳು ಬೇರೆಬೇರೆ ಬಂದರೆ ಅದು ವಾಲಿದ ಚೌಕ. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೇ ಮುಂದೆ ಒಂದು ಕಾಲು ಕುಳ್ಳಾಗುತ್ತದೆ. ಇಲ್ಲಿ ರಾಜಿ ಬೇಡ, ಮತ್ತೆ ಕತ್ತರಿಸಿ.

## 4. ಚಿತ್ರ ಓದುವಾಗ ಮುಂದಿನ ಚಿತ್ರವನ್ನೂ ನೋಡಿ

ವ್ಯಾಲಿ ಫೋಲ್ಡ್ ಅಂದರೆ ಕಾಗದ ನಿಮ್ಮ ಕಡೆಗೆ ಮಡಚಿಕೊಂಡು ಗೆರೆ ತಗ್ಗಾಗುವುದು, ಅದಕ್ಕೆ ತುಂಡುಗೆರೆ. ಮೌಂಟನ್ ಫೋಲ್ಡ್ ಅಂದರೆ ಹಿಂದಕ್ಕೆ ಮಡಚಿ ಗೆರೆ ಉಬ್ಬುವುದು, ಅದಕ್ಕೆ ತುಂಡುಗೆರೆಯ ನಡುವೆ ಚುಕ್ಕಿಗಳು. ಬಾಣದ ಗುರುತುಗಳು ನಿಮಗೆ ಗೊತ್ತಿರುತ್ತವೆ. ತಪ್ಪಿಹೋಗುವುದು ಎರಡೇ: ಮಾದರಿಯನ್ನು ಮಗುಚಿ ಹಾಕು ಎನ್ನುವ ಸುತ್ತುಬಾಣ, ಹಿಂಬದಿಯಲ್ಲೂ ಹೀಗೇ ಮಾಡು ಎನ್ನುವ ಅಡ್ಡಗೀಟಿನ ಬಾಣ.

ಒಂದು ಚಿತ್ರ ಏನು ಮಾಡಬೇಕು ಎಂದು ಹೇಳುತ್ತದೆ. ಮಾಡಿದ ಮೇಲೆ ಹೇಗೆ ಕಾಣಬೇಕು ಎನ್ನುವುದು ಇರುವುದು ಅದರ ಮುಂದಿನ ಚಿತ್ರದಲ್ಲಿ. ಆದ್ದರಿಂದ ಯಾವಾಗಲೂ ಎರಡು ಚಿತ್ರ ಒಟ್ಟಿಗೆ ನೋಡಿ, ಅಂಚುಗಳು ಎಲ್ಲೆಲ್ಲಿ ಕೂಡುತ್ತವೆ ಎಂದು ಹೋಲಿಸಿ. ಕೈಯಲ್ಲಿರುವುದಕ್ಕೂ ಚಿತ್ರಕ್ಕೂ ವ್ಯತ್ಯಾಸ ಕಂಡರೆ ಮುಂದೆ ಸರಿಹೋಗುತ್ತದೆ ಎಂದು ಸಾಗಬೇಡಿ. ಸರಿಹೋಗುವುದಿಲ್ಲ.

## 5. ಗುರುತು ಮಡಿಕೆ: ಇಲ್ಲಿ ಎಷ್ಟು ಹೊತ್ತು ಕೊಟ್ಟರೂ ಕಡಿಮೆ

ಮಡಚಿ, ಗೆರೆ ಒತ್ತಿ, ಮತ್ತೆ ಬಿಚ್ಚುವುದೇ ಗುರುತು ಮಡಿಕೆ. ಏನೂ ಆಕಾರ ಬರದ ಈ ಕೆಲಸದಲ್ಲಿ ಎಲ್ಲರಿಗೂ ಅವಸರ. ಇಡೀ ಪ್ರಾಣಿ ನಿಂತಿರುವುದು ಇದರ ಮೇಲೆ.

1. ಅಂಚನ್ನು ಅಂಚಿಗೆ ಕೂಡಿಸಿ, ಎರಡೂ ತುದಿ ಸರಿಯಾಗಿದೆಯೇ ನೋಡಿ, ನಡುವಿನಿಂದ ಎರಡೂ ಕಡೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಮೊದಲು ಬೆರಳು, ಸರಿ ಎನಿಸಿದ ಮೇಲೆ ಚಮಚ. ಚಮಚ ಎಳೆದ ಗೆರೆಯನ್ನು ಅಳಿಸಲಾಗದು.

2. ಜಾಲ (ಸಮ ಅಂತರದ ಗೆರೆಗಳ ಮನೆಗಳು) ಹಾಕುವಾಗ ಎರಡು, ನಾಲ್ಕು, ಎಂಟು, ಹದಿನಾರು ಎಂದೇ ಸಾಗಿ. ನಾಲ್ಕು ಭಾಗ ಆದ ಮೇಲೆ ಎಡ ಅಂಚನ್ನು ನಾಲ್ಕನೇ ಒಂದರ ಗೆರೆಗೆ ತಂದರೆ ಎಂಟನೇ ಒಂದು ಸಿಗುತ್ತದೆ, ಅದೇ ಅಂಚನ್ನು ನಾಲ್ಕನೇ ಮೂರರ ಗೆರೆಗೆ ತಂದರೆ ಎಂಟನೇ ಮೂರು. ಬಲ ಅಂಚಿನಿಂದಲೂ ಹಾಗೆಯೇ. ಹೀಗೆ ಯಾವಾಗಲೂ ಹಾಳೆಯ ಅಂಚನ್ನೇ ಹಳೆಯ ಗೆರೆಗೆ ತನ್ನಿ. ಬೀಸಣಿಗೆ ಮಡಚಿದ ಹಾಗೆ ಒಂದರ ಮೇಲೊಂದು ಹಾಕುತ್ತ ಹೋದರೆ ಪ್ರತಿ ಮಡಿಕೆಯ ತಪ್ಪು ಮುಂದಿನದಕ್ಕೆ ಸೇರಿಕೊಳ್ಳುತ್ತದೆ.

3. ಅಂಚನ್ನು ಕರ್ಣಕ್ಕೆ ತರುವ 22.5 ಡಿಗ್ರಿಯ ಮಡಿಕೆಯಲ್ಲಿ ಅಂಚು ಕರ್ಣದ ಗೆರೆಯನ್ನು ದಾಟಕೂಡದು. ಮುಂದೆ ಆ ಭಾಗ ಮತ್ತೆ ಮಡಚಿಕೊಳ್ಳುವುದಿದ್ದರೆ ಕೂದಲೆಳೆಯಷ್ಟು ಜಾಗ ಬಿಡಿ. ಕಾಗದಕ್ಕೂ ದಪ್ಪ ಇದೆ, ಚಿತ್ರದ ಗೆರೆಗೆ ಇಲ್ಲ.

4. ಅಳತೆಗಷ್ಟೇ ಬೇಕಾದ ಗೆರೆಯನ್ನು ಉದ್ದಕ್ಕೂ ಎಳೆಯಬೇಡಿ. ಬೇಕಾದ ಬಿಂದುವಿನಲ್ಲಿ ಚಿವುಟಿ ಗುರುತು ಮಾಡಿದರೆ ಸಾಕು. ಬೇಡದ ಗೆರೆಗಳು ಕೊನೆಗೆ ಪ್ರಾಣಿಯ ಪಕ್ಕೆಯ ಮೇಲೆ ಗೀರಾಗಿ ಉಳಿಯುತ್ತವೆ.

5. ಎಲ್ಲ ಮುಗಿದ ಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಬೇಕಾದ ಕಡೆ ಪುಟ್ಟ ತ್ರಿಕೋನ ಕಾಣುತ್ತಿದ್ದರೆ ಅದು ಎಚ್ಚರಿಕೆ. ಒಂದೆರಡು ಕಡೆ ಇದ್ದರೆ ಸಾಗಬಹುದು. ಎಲ್ಲ ಕಡೆಯೂ ಇದ್ದರೆ ಹೊಸ ಹಾಳೆ ತೆಗೆಯುವುದೇ ಸಮಯ ಉಳಿಸುವ ದಾರಿ.

## 6. ಸಿಂಕ್: ಬೇರೆ ಹಾಳೆಯಲ್ಲಿ ಮೊದಲು ಕಲಿಯಿರಿ

ಮುಚ್ಚಿದ ತುದಿಯೊಂದನ್ನು ಮಾದರಿಯ ಒಳಕ್ಕೆ ಅದುಮುವುದು ಸಿಂಕ್. ಹೆಚ್ಚಿನವರು ಹೊರಗಿನಿಂದ ಬೆರಳಿಟ್ಟು ನೂಕುತ್ತಾರೆ, ತುದಿ ಮುದ್ದೆಯಾಗುತ್ತದೆ. ವಾಟರ್‌ಬಾಂಬ್ ಬೇಸ್ (ಚೌಕವನ್ನು ಎರಡು ಕರ್ಣ, ಒಂದು ನಡುಗೆರೆಯಲ್ಲಿ ಮಡಚಿ ಮಾಡುವ ತ್ರಿಕೋನ) ಮಡಿಸಿ ಅದರ ಮುಚ್ಚಿದ ತುದಿಯಲ್ಲಿ ಅಭ್ಯಾಸ ಮಾಡಿ. ಇದಕ್ಕೆ ಜೆರಾಕ್ಸ್ ಹಾಳೆ ಧಾರಾಳ ಸಾಕು.

1. ತುದಿಯನ್ನು ಎಲ್ಲ ಪದರಗಳೊಂದಿಗೆ ಮುಂದಕ್ಕೆ ಮಡಚಿ ಬಲವಾಗಿ ಒತ್ತಿ. ಅದೇ ಗೆರೆಯಲ್ಲಿ ಹಿಂದಕ್ಕೂ ಮಡಚಿ ಒತ್ತಿ.

2. ಮಾದರಿಯನ್ನು ಬಿಚ್ಚಿ. ಹಾಳೆಯ ನಟ್ಟನಡುವೆ ಒಂದು ಪುಟ್ಟ ಚೌಕ ಕಾಣುತ್ತದೆ.

3. ಆ ಚೌಕದ ನಾಲ್ಕೂ ಬದಿಯನ್ನು ಒಂದೊಂದಾಗಿ ಮೌಂಟನ್ ಆಗುವಂತೆ ಚಿವುಟಿ. ಒಂದು ಬದಿ ಬಿಟ್ಟರೂ ಸಿಂಕ್ ಕೂರುವುದಿಲ್ಲ. ಸೋಲುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

4. ಚೌಕದ ನಡುವನ್ನು ಕೆಳಕ್ಕೆ ತಳ್ಳಿ, ಹೊರಗಿನ ಗೆರೆಗಳನ್ನು ಮೊದಲಿದ್ದಂತೆ ಮತ್ತೆ ಮಡಚುತ್ತಾ ಬನ್ನಿ. ಚೌಕದ ಒಳಗಿನ ಗೆರೆಗಳು ಮಾತ್ರ ತಮ್ಮ ದಿಕ್ಕು ಬದಲಿಸಿಕೊಳ್ಳುತ್ತವೆ.

ಇದು ಓಪನ್ ಸಿಂಕ್. ಕ್ಲೋಸ್ಡ್ ಸಿಂಕ್‌ನಲ್ಲಿ ಹೀಗೆ ಪೂರ್ತಿ ಬಿಚ್ಚಲು ಆಗುವುದಿಲ್ಲ, ಪದರಗಳು ಒಳಗೆ ಬೀಗ ಹಾಕಿಕೊಂಡಂತೆ ಕೂರಬೇಕು. ಇಂಕಿಲ್ಲದ ಪೆನ್ನನ್ನು ಒಳಗೆ ತೂರಿಸಿ ಪದರಗಳನ್ನು ಗುಮ್ಮಟವಾಗಿ ಉಬ್ಬಿಸಿ, ಆಮೇಲೆ ತುದಿಯನ್ನು ಒಂದೇ ಸಮನೆ ಒತ್ತಿದರೆ ಅದು ಒಳಮಗುಚುತ್ತದೆ. ಮೂಲೆ ಬೆಳ್ಳಗಾಗತೊಡಗಿತೆಂದರೆ ನಾರು ಹರಿಯುತ್ತಿದೆ ಎಂದರ್ಥ, ತಕ್ಷಣ ಕೈ ತೆಗೆಯಿರಿ.

## 7. ಕೊಲ್ಯಾಪ್ಸ್: ಎಲ್ಲ ಗೆರೆಗಳೂ ಒಟ್ಟಿಗೆ ಕೂರುವ ಗಳಿಗೆ

ಹತ್ತಾರು ಗುರುತು ಮಡಿಕೆಗಳು ಒಂದೇ ಸಲಕ್ಕೆ ಮಡಚಿಕೊಂಡು ಬೇಸ್ (ಅಂಗಗಳೆಲ್ಲ ಬಿಡಿಬಿಡಿಯಾಗಿರುವ ಮೂಲ ಆಕಾರ) ಆಗುವ ಹಂತ ಇದು. ಸಂಜೆ ದಣಿದಾಗ ಶುರು ಮಾಡಬೇಡಿ. ಅರ್ಧ ಮಡಚಿಟ್ಟು ಮಲಗಿದರೆ ಬೆಳಗ್ಗೆ ಯಾವುದು ಎಲ್ಲಿತ್ತು ಎಂದೇ ತಿಳಿಯುವುದಿಲ್ಲ.

ಮೊದಲು ಒಂದೊಂದು ಗೆರೆಯನ್ನೂ ಅದರ ದಿಕ್ಕಿಗೆ ಚಿವುಟಿ ಎಬ್ಬಿಸಿ: ಮೌಂಟನ್‌ಗಳೆಲ್ಲ ಉಬ್ಬಲಿ, ವ್ಯಾಲಿಗಳೆಲ್ಲ ತಗ್ಗಲಿ. ಕ್ರೀಸ್ ಪ್ಯಾಟರ್ನ್ (ಬಿಚ್ಚಿದ ಹಾಳೆಯ ಮೇಲಿನ ಗೆರೆಗಳ ನಕ್ಷೆ) ನೋಡಿ ಮಡಿಸುವವರು ಯಾವ ಬಣ್ಣ ಯಾವುದಕ್ಕೆ ಎಂದು ಮೊದಲೇ ಖಚಿತ ಮಾಡಿಕೊಳ್ಳಿ, ಎಲ್ಲ ವಿನ್ಯಾಸಕಾರರೂ ಒಂದೇ ಪದ್ಧತಿ ಬಳಸುವುದಿಲ್ಲ. ಹೀಗೆ ಚಿವುಟಿದ ಹಾಳೆ ತಾನಾಗಿಯೇ ಒಳಕ್ಕೆ ಸೇದಿಕೊಳ್ಳಲು ಶುರುಮಾಡುತ್ತದೆ.

ಪ್ರಾಣಿಯ ಬೆನ್ನಿನ ಗೆರೆಯ ಮೇಲೆ, ಹೆಚ್ಚು ಗೆರೆಗಳು ಕೂಡುವ ಬಿಂದುವಿನಿಂದ ಆರಂಭಿಸಿ. ಎಡಗಡೆ ಒಂದನ್ನು ಕೂರಿಸಿದರೆ ಬಲಗಡೆಯ ಜೋಡಿಯನ್ನೂ ಕೂರಿಸಿ, ಆಮೇಲೆ ಮುಂದಿನದು. ಕೂತದ್ದನ್ನು ಕ್ಲಿಪ್ ಹಾಕಿ ಹಿಡಿದಿಡಿ, ಕ್ಲಿಪ್ಪಿನ ಗುರುತು ಬೀಳದಂತೆ ನಡುವೆ ರಟ್ಟಿನ ಚೂರು ಇರಲಿ. ಯಾವುದನ್ನೂ ಚಪ್ಪಟೆ ಮಾಡಬೇಡಿ. ಎಲ್ಲವೂ ಅರೆತೆರೆದೇ ಇರಲಿ.

ಒಂದು ಕಡೆ ಎಷ್ಟು ಮಾಡಿದರೂ ಕೂರುತ್ತಿಲ್ಲವಾದರೆ ಅಲ್ಲಿನ ಗೆರೆಗಳನ್ನು ಎಣಿಸಿ. ಚಪ್ಪಟೆಯಾಗಿ ಮಡಚುವ ಹಾಳೆಯ ಒಳಗಿನ ಯಾವ ಬಿಂದುವಿನಲ್ಲೂ ಮೌಂಟನ್ ಮತ್ತು ವ್ಯಾಲಿಗಳ ಸಂಖ್ಯೆಯ ವ್ಯತ್ಯಾಸ ಎರಡೇ ಆಗಿರಬೇಕು. ಜಪಾನಿನ ಜುನ್ ಮೇಕಾವಾ ಹೆಸರಿನಲ್ಲಿರುವ ನಿಯಮ ಇದು. ಐದು ಗೆರೆ ಸೇರಿದ್ದರೆ ಒಂದು ಬಿಟ್ಟುಹೋಗಿದೆ ಅಥವಾ ಒಂದು ಹೆಚ್ಚಿದೆ. ಎರಡು ಮೌಂಟನ್ ಎರಡು ವ್ಯಾಲಿ ಇದ್ದರೆ ಯಾವುದೋ ಒಂದು ತಿರುಗುಮುರುಗಾಗಿದೆ. ಹಾಳೆಯ ಅಂಚಿನ ಮೇಲಿನ ಬಿಂದುಗಳಿಗೆ ಈ ಎಣಿಕೆ ಹೊಂದುವುದಿಲ್ಲ. ಎಷ್ಟೋ ಹೊತ್ತಿನ ಪರದಾಟವನ್ನು ಇದೊಂದೇ ತಪ್ಪಿಸುತ್ತದೆ, ಆದರೂ ಇದನ್ನು ಬಳಸುವವರು ಕಡಿಮೆ.

ಗೆರೆಯ ಪಕ್ಕದಲ್ಲೇ ಹೊಸ ಸುಕ್ಕು ಹುಟ್ಟಿದರೆ ಕಾಗದ ತಪ್ಪು ದಾರಿ ಹಿಡಿದಿದೆ. ಚಪ್ಪಟೆ ಮಾಡಿದಾಗ ಒಳಗೆ ಗಂಟಿನಂತೆ ಏನೋ ಉಳಿದರೆ ಪದರವೊಂದು ಮಗುಚಿಕೊಂಡಿದೆ. ಎರಡಕ್ಕೂ ಮದ್ದು ಒಂದೇ: ಅಷ್ಟು ಭಾಗ ಬಿಚ್ಚುವುದು. ಎಲ್ಲ ಕೂತು, ಮುಂದಿನ ಚಿತ್ರಕ್ಕೆ ಹೊಂದಿದ ಮೇಲೆ ನಡುವಿನಿಂದ ಹೊರಕ್ಕೆ ಒತ್ತಿ, ಒಂದು ದಿನ ಪುಸ್ತಕಗಳ ಭಾರದಡಿ ಇಡಿ.

## 8. ಕಾಲು ಸಪೂರ ಮಾಡುವುದು

ಒಂದು ಕಾಲನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಒಂದು ಮಡಿಕೆಯನ್ನು ನಾಲ್ಕೂ ಕಾಲಿಗೆ ಮಾಡಿ, ಆಮೇಲೆ ಎರಡನೆಯ ಮಡಿಕೆ. ಬಿಡಿ ಅಂಚುಗಳು ಕಾಲಿನ ಒಳಮಗ್ಗುಲಿಗೆ ಬರಲಿ. ದಪ್ಪ ಜಾಸ್ತಿಯಾಗಿ ಕೊನೆಯ ಮಡಿಕೆ ಕೂರುತ್ತಿಲ್ಲವಾದರೆ ಅದನ್ನು ಬಿಟ್ಟುಬಿಡಿ. ತುಸು ದಪ್ಪ ಕಾಲಿನ ಕುದುರೆ ನಿಲ್ಲುತ್ತದೆ, ಹರಿದ ಕಾಲಿನದು ನಿಲ್ಲುವುದಿಲ್ಲ.

ಕ್ರಿಂಪ್ (ಎರಡೂ ಬದಿಗೆ ಒಟ್ಟಿಗೆ ಹಾಕುವ ನೆರಿಗೆ) ಹಾಕಿ ಕಾಲನ್ನು ಬಾಗಿಸುವ ಮುನ್ನ ಬೀದಿಯಲ್ಲಿ ನಿಂತ ಹಸುವಿನ ಹಿಂಗಾಲನ್ನೊಮ್ಮೆ ಗಮನಿಸಿ. ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವುದು ನಿಜವಾಗಿ ಅದರ ಹಿಮ್ಮಡಿ. ಮೊಣಕಾಲು ಇರುವುದು ಮೇಲೆ, ಹೊಟ್ಟೆಯ ಹತ್ತಿರ. ಮುಂಗಾಲಿನ ನಡುವಿನ ಗೆಣ್ಣು ನಮ್ಮ ಮಣಿಕಟ್ಟಿಗೆ ಸಮ. ಕುದುರೆ, ನಾಯಿ, ಬೆಕ್ಕು ಎಲ್ಲಕ್ಕೂ ಇದೇ ಲೆಕ್ಕ. ಮುಂಗಾಲು ಹಿಂಗಾಲು ಎರಡನ್ನೂ ಒಂದೇ ಬಗೆಯಲ್ಲಿ ಬಾಗಿಸಿದ್ದರಿಂದಲೇ ಎಷ್ಟೋ ಅಚ್ಚುಕಟ್ಟಾದ ಮಾದರಿಗಳು ಮೇಜಿನಂತೆ ಕಾಣುತ್ತವೆ. ಆನೆಯ ಕಾಲು ಮಾತ್ರ ಕಂಬದ ಹಾಗೆ ನೇರ, ಅದಕ್ಕೆ ಹೆಚ್ಚು ಬಾಗು ಬೇಡ.

## 9. ಜೀವ ತುಂಬುವುದು

ಬೇಸ್ ಸರಿಯಾಗಿದ್ದರೆ ಇಲ್ಲಿಂದ ಚಿತ್ರ ನೋಡುವುದು ಕಡಿಮೆಯಾಗಲಿ, ಪ್ರಾಣಿಯನ್ನು ನೋಡುವುದು ಹೆಚ್ಚಾಗಲಿ. ಜಪಾನಿನ ಅಕಿರಾ ಯೊಶಿಜಾವಾ (1911–2005) ಬೆಳೆಸಿದ ವೆಟ್ ಫೋಲ್ಡಿಂಗ್ (ಕಾಗದವನ್ನು ತೇವ ಮಾಡಿ ಮಡಿಸುವುದು) ಇಲ್ಲಿ ಕೈಹಿಡಿಯುತ್ತದೆ. ಕಾಗದದಲ್ಲಿರುವ ಅಂಟು ತೇವಕ್ಕೆ ಸಡಿಲಗೊಂಡು, ಒಣಗಿದಾಗ ಹೊಸ ಬಾಗಿನಲ್ಲೇ ಬಿಗಿಯಾಗುತ್ತದೆ.

100 ಜಿಎಸ್‌ಎಂ ದಾಟಿದ ದಪ್ಪ ಹಾಳೆಯಲ್ಲಿ, ಕಡಿಮೆ ಪದರದ ಮಾದರಿಗೆ ಒದ್ದೆ ಬಟ್ಟೆಯಿಂದ ಎರಡೂ ಬದಿ ಸವರಬಹುದು. ಮೇಲ್ಮೈ ಹೊಳೆಯುತ್ತಿದ್ದರೆ ನೀರು ಹೆಚ್ಚಾಯಿತು, ಹೊಳಪು ಆರುವವರೆಗೆ ಕಾಯಿರಿ. ಕೈಗೆ ತಣ್ಣಗೆ ಹತ್ತಬೇಕು, ಒದ್ದೆ ಅಂಟಬಾರದು. ನಾರು ಎದ್ದು ಜುಂಗು ಬಂದರೆ ಕೈ ನಿಲ್ಲಿಸಿ. ಬಹುಪದರದ ತೆಳುಹಾಳೆಯ ಪ್ರಾಣಿಗೆ ಇಷ್ಟು ನೀರು ಬೇಡ. ಬಾಗಿಸಬೇಕಾದ ಜಾಗಕ್ಕೆ ಮಾತ್ರ ಬ್ರಶ್‌ನಲ್ಲಿ ಮೀಥೈಲ್ ಸೆಲ್ಯುಲೋಸ್ ಹಚ್ಚಿ, ಬಾಗಿಸಿ, ಒಣಗುವವರೆಗೆ ಕ್ಲಿಪ್ಪಿನಲ್ಲಿ ಹಿಡಿದಿಡಿ. ಸರಿಬರದಿದ್ದರೆ ತೇವ ಮಾಡಿ ಮತ್ತೆ ತಿದ್ದಬಹುದು. ಫೆವಿಕಾಲ್ ಬಳಸಿದರೆ ಆ ಅವಕಾಶ ಇರುವುದಿಲ್ಲ.

ಕ್ರಮ ಹೀಗಿರಲಿ: ಮೊದಲು ಬೆನ್ನು ಮತ್ತು ಹೊಟ್ಟೆಯ ಉಬ್ಬು, ಆಮೇಲೆ ಭುಜ ತೊಡೆ, ಆಮೇಲೆ ಕಾಲೂರಿಸುವುದು, ಕೊನೆಗೆ ಮುಖ. ಮುಖದಿಂದ ಶುರುಮಾಡಿದವರು ಮೈ ಬಾಗಿಸುವಾಗ ಅದನ್ನೇ ಹಿಡಿದು ಜಜ್ಜುತ್ತಾರೆ. ಪ್ರಾಣಿ ಮುಂದಕ್ಕೆ ಮುಗ್ಗರಿಸಿದರೆ ತಲೆಯನ್ನು ತುಸು ಹಿಂದಕ್ಕೆ ಎತ್ತಿ ಇಲ್ಲವೇ ಮುಂಗಾಲನ್ನು ಮುಂದಕ್ಕೆ ಚಾಚಿ. ಹೊಟ್ಟೆ ಬಾಯಿಬಿಟ್ಟರೆ ಕಡ್ಡಿತುದಿಯಷ್ಟು ಅಂಟನ್ನು ಒಳಗೆ ಹಚ್ಚುವುದರಲ್ಲಿ ಸಂಕೋಚ ಬೇಡ. ಹರಿದ ಮೂಲೆಗೂ ಒಳಬದಿಯಿಂದ ಟಿಶ್ಯೂ ಚೂರು ಅಂಟಿಸಿದರೆ ಸಾಕು.

## 10. ನೋಡುವುದು, ಕಾಪಾಡುವುದು

ಒಳ್ಳೆಯ ಮಾದರಿಯನ್ನು ನೋಡುವುದೂ ಕಲಿಕೆಯೇ. ಪಕ್ಕದಿಂದ ಬೆಳಕು ಬೀಳಿಸಿ, ಮೊದಲು ಹೊರಗಿನ ರೇಖೆಯನ್ನಷ್ಟೇ ನೋಡಿ: ಕಣ್ಣು ಕಿವಿ ಇಲ್ಲದಿದ್ದರೂ ಅದು ಯಾವ ಪ್ರಾಣಿ ಎಂದು ಹೇಳಬಹುದೇ? ಬೆನ್ನಿನ ಮೇಲೆ ಬಿರುಕು ಇದೆಯೇ, ಒಂದೇ ಹಾಸಾಗಿದೆಯೇ? ಹಾಳೆಯ ಹಿಂಬದಿಯ ಬಣ್ಣ ಎಲ್ಲಿ ಹೊರಬಂದಿದೆ? ಶಿಲ್ಪಕಲೆಯ ಹಿನ್ನೆಲೆಯ ಫ್ರಾನ್ಸಿನ ಎರಿಕ್ ಜೊಯಿಸೆಲ್ (1956–2010) ಮಡಿಸಿದ ಚಿಪ್ಪುಹಂದಿಯಲ್ಲಿ ಹುರುಪೆಗಳ ಸಾಲು ಮೈಯ ಬಾಗಿನ ಜೊತೆಗೇ ತಿರುಗುತ್ತದೆ. ಯೊಶಿಜಾವಾ ಅವರ ಪ್ರಾಣಿಗಳಲ್ಲಿ ಮಡಿಕೆಗಳೇ ಕಡಿಮೆ, ಆದರೂ ಕತ್ತಿನ ಒಂದು ಬಾಗು ಸಾಕು, ಅದು ಉಸಿರಾಡುತ್ತಿದೆ ಎನಿಸಲು. ಈ ಇಬ್ಬರ ಕೆಲಸವನ್ನು ಚಿತ್ರದಲ್ಲಾದರೂ ನಿಧಾನವಾಗಿ ನೋಡಿದವರು ಹಂತಗಳನ್ನು ಎಣಿಸುವುದನ್ನು ಬಿಡುತ್ತಾರೆ ಎಂದು ನನ್ನ ನಂಬಿಕೆ.

ಮುಗಿದ ಪ್ರಾಣಿಯನ್ನು ನೇರ ಬಿಸಿಲು ಬೀಳದ ಕಡೆ, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಇಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಮಳೆಗಾಲದಲ್ಲಿ ಕಾಲು ಜಾರಿ ಹರಡಿಕೊಳ್ಳುವುದಿಲ್ಲ.

ಕೆಟ್ಟುಹೋದ ಮೊದಲ ಪ್ರಯತ್ನವನ್ನು ಎಸೆಯಬೇಡಿ. ಮೆಲ್ಲಗೆ ಪೂರ್ತಿ ಬಿಚ್ಚಿ, ಮೌಂಟನ್ ಗೆರೆಗಳ ಮೇಲೆ ಒಂದು ಬಣ್ಣದ ಪೆನ್ನು, ವ್ಯಾಲಿಗಳ ಮೇಲೆ ಇನ್ನೊಂದು ಬಣ್ಣ ಎಳೆಯಿರಿ. ಬಲ ಮುಂಗಾಲು, ಬಾಲ, ಕಿವಿ ಎಂದು ಆಯಾ ಜಾಗದಲ್ಲಿ ಬರೆಯಿರಿ. ಹರಿದ ಕಡೆಗೆ ಸುತ್ತು ಹಾಕಿ. ಎರಡನೆಯ ಹಾಳೆ ಮಡಿಸುವಾಗ ಇದನ್ನು ಪಕ್ಕದಲ್ಲಿ ಹರಡಿಕೊಳ್ಳಿ. ಕೊಲ್ಯಾಪ್ಸ್‌ನ ಹೊತ್ತಿಗೆ ಪುಸ್ತಕದ ಚಿತ್ರಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.